ಮುದಗಲ್ ಮೂಲೆ

ಜನವರಿ 3, ಶುಕ್ರವಾರ

ಸಿಂಧನೂರಿನ ವ್ಯಾಪಾರದ ಇತಿಹಾಸದಲ್ಲಿ ಇದೊಂದು ಕರಾಳ ದಿನ. ನಮ್ಮ ಬೀಜ-ಗೊಬ್ಬರದ ಅಂಗಡಿಯ ಶಟರ್ ಇವತ್ತು ನನ್ನ ಕೈ ಸೋಕದೆ ಮೇಲೆದ್ದಿತು. ಎತ್ತಿದವಳು ನನ್ನ ಹೆಂಡತಿ ಶೈಲಜಾ. ನಾನು ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯ ಮಂಚದ ಮೇಲೆ ಬಿದ್ದಿದ್ದೇನೆ. ಕಾರಣ ಇಷ್ಟೇ: ಮಸ್ಕಿ ರಸ್ತೆಯಲ್ಲಿ ಬೈಕಿನ ಮೇಲೆ ಬರುತ್ತಾ, ಯಾರದೋ ಭತ್ತದ ಸಸಿಮಡಿ ಹಳದಿಗೆ ತಿರುಗಿದೆಯೇನೋ, ತಿರುಗಿದ್ದರೆ ಔಷಧಿಗೆ ನಮ್ಮಲ್ಲಿಗೇ ಬರುತ್ತಾನಲ್ಲ ಎಂದು ಕತ್ತು ಹೊರಳಿಸಿದೆ. ಸಸಿ ಹಸಿರಾಗಿಯೇ ಇತ್ತು. ಬೈಕು ಕಾಲುವೆಯಲ್ಲಿತ್ತು.

ಫೆಬ್ರುವರಿ ಮೊದಲ ವಾರದವರೆಗೆ ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಾಟಿಯ ಹಂಗಾಮು ತಲೆಯ ಮೇಲಿದೆ. ತಾಲೂಕಿಗೆ ತಾಲೂಕೇ ಯೂರಿಯಾಕ್ಕೆ ಸಾಲು ನಿಲ್ಲುವ ಹೊತ್ತು. ಇಂಥ ಹೊತ್ತಿನಲ್ಲಿ ನಾನಿಲ್ಲದ ಅಂಗಡಿ ಎಂದರೆ ನೀರು ಬಿಡದ ಕಾಲುವೆ. ಈ ಮಾತನ್ನು ಫೋನಿನಲ್ಲಿ ಶೈಲಜಾಗೆ ಹೇಳಿದೆ. ಅದು ಬೆಳಗಿನಿಂದ ಎಷ್ಟನೆಯ ಫೋನೋ ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

“ರೀ, ನೀವು ಆ ಫೋನ್ ಕೆಳಗ ಇಟ್ರ ನಾ ಗಿರಾಕಿ ಮಾರಿ ನೋಡ್ತೀನಿ,” ಎಂದಳು.

ಹಾಗಾಗಿ ಈ ಡೈರಿ. ಬೀಜದ ಕಂಪನಿಯವರು ವರ್ಷಕ್ಕೊಂದು ಕೊಡುತ್ತಾರೆ. ಅದರಲ್ಲಿ ಬರೆಯುವ ದುರ್ಗತಿ ಈ ವರ್ಷ ಒದಗಿತು.

ಜನವರಿ 5, ಭಾನುವಾರ

ನನ್ನನ್ನು ನೋಡಿಕೊಳ್ಳಲು ಮುದಗಲ್ಲಿನಿಂದ ಅತ್ತೆಯವರು ಬಂದರು. ವೀರಭದ್ರಮ್ಮನವರು, ಶೈಲಜಾಳ ತಾಯಿ. ಅವರ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ ಇದೆ. ಒಂದು ಕಾಲಿನ ಅಳಿಯನನ್ನು ಒಂದು ಕಣ್ಣಿನ ಅತ್ತೆ ನೋಡಿಕೊಳ್ಳುವ ಈ ಏರ್ಪಾಡು ಶೈಲಜಾಳದು. ಅವಳಿಗೆ ಅಂಗಡಿ ಕೊಟ್ಟ ಮೇಲೆ ಆಡಳಿತದ ರುಚಿ ಹತ್ತಿದೆ.

ಅತ್ತೆಯವರು ತಮ್ಮ ಓಣಿಯಲ್ಲಿ ಕೌದಿಗೆ ಹೆಸರಾದವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಸಾಲು ಸಾಲಾಗಿ ದಾರ ಎಳೆದರೆಂದರೆ ಅದು ಹೊದಿಕೆಯಲ್ಲ, ಕಟ್ಟಡ. ಆದರೆ ಹೊಲಿದದ್ದೆಲ್ಲ ಬಾಣಂತಿಯರಿಗೆ, ಬೀಗರಿಗೆ, ಬಾಯಿ ಬಿಟ್ಟು ಕೇಳಿದವರಿಗೆ ಹೋಗಿದೆ. ತಮಗೆಂದು ಇಟ್ಟುಕೊಂಡ ಒಂದೇ ಒಂದು ಹರಿದು ಹೋಗಿದೆ. ಸೂಜಿಯ ಕಣ್ಣು ಕಾಣದಾದಾಗಿನಿಂದ ಅವರು ಹೊಲಿಯುವುದನ್ನೇ ಬಿಟ್ಟಿದ್ದಾರೆ. ಆ ಮಾತು ಯಾರೂ ಎತ್ತಬಾರದು.

ಚಳಿ ಎಂದು ಶೈಲಜಾ ಹುಲಿಯ ಚಿತ್ರವಿರುವ ದಪ್ಪ ಬ್ಲಾಂಕೆಟ್ ಕೊಟ್ಟಳು. ಅತ್ತೆಯವರು ಅದರ ಮೂತಿ ಸವರಿ ನೋಡಿ, ಮಡಿಸಿ ವಾಪಸು ಕೊಟ್ಟರು. ಹುಲಿ ತೊಗಲು ಶಿವನಿಗೆ ಒಪ್ಪುತ್ತದೆ, ನಮಗಲ್ಲ ಎಂದು ಇಳಕಲ್ ಸೀರೆಯ ಸೆರಗನ್ನೇ ಬಿಗಿಯಾಗಿ ಸುತ್ತಿಕೊಂಡು ಮಲಗಿದರು.

ಜನವರಿ 8, ಬುಧವಾರ

ಬೆಳಿಗ್ಗೆ ಎಚ್ಚರವಾದಾಗ ಅತ್ತೆಯವರು ಮೊಣಕಾಲನ್ನು ಎದೆಗೆ ಹಚ್ಚಿಕೊಂಡು ಮಲಗಿದ್ದರು. ಇಡೀ ಊರಿಗೆ ಹೊದಿಸಿದವರು ಸಣ್ಣ ಹುಡುಗಿಯ ಹಾಗೆ ಮುದುರಿಕೊಂಡಿದ್ದರು. ನೋಡಲಾಗಲಿಲ್ಲ.

ಚಹಾ ಕುಡಿಯುವಾಗ ಘೋಷಿಸಿದೆ: ನಿಮಗೆ ನಾನೊಂದು ಕೌದಿ ಹೊಲಿದು ಕೊಡುತ್ತೇನೆ. ಅತ್ತೆಯವರು ನಕ್ಕ ರಭಸಕ್ಕೆ ಕಪ್ಪು ಕನ್ನಡಕ ಮೂಗಿನ ತುದಿಗೆ ಬಂತು. ಶೈಲಜಾ ನಗಲಿಲ್ಲ; ಅಂಗಡಿಗೆ ಹೊತ್ತಾಗಿತ್ತು. ಹೋಗುತ್ತಾ, ಒಳ್ಳೆಯದೇ ಆಯಿತು, ಕೈಗೆ ಸೂಜಿ ಬಂದರೆ ಫೋನು ಬಿಡುತ್ತದೆ ಎಂದಳು.

ನಗು ಮುಗಿದ ಮೇಲೆ ಅತ್ತೆಯವರು ಗಂಭೀರವಾಗಿ ಷರತ್ತು ಹಾಕಿದರು.

“ಅಳಿಯಾರ, ನೀವು ಹೊಲದೀರಿ ಅಂತ ನಾ ಹೊದ್ಕೊಂತೀನಿ ಅನ್ಕೋಬ್ಯಾಡ್ರಿ. ಮಾರಿ ಎಲ್ಲಾ ಕೌದಿದೂ ಚೊಲೋನ ಇರ್ತೈತಿ. ನಾ ಬೆನ್ನು ನೋಡಾಕಿ. ಬೆನ್ನು ನೆಟ್ಟಗಿದ್ರ ಹೊದ್ಕೊಂತೀನಿ, ಇಲ್ಲಾಂದ್ರ ಬಾಗಲದಾಗ ಕಾಲು ಒರಸಾಕ ಹಾಕ್ತೀನಿ.”

ಒಪ್ಪಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು ಮುದಗಲ್ಲಿಗೆ ಹೊರಡುತ್ತಾರೆ. ಅಷ್ಟರೊಳಗೆ ಅವರು ನನ್ನ ಕೌದಿ ಹೊದೆಯಬೇಕು. ಕಷ್ಟವೇನು? ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ನಾವು ಗೊಬ್ಬರದ ಲಾರಿ ತಿರುಗಿಸಿದವರು.

ಜನವರಿ 9, ಗುರುವಾರ

ಸಂಜೆಯವರೆಗೆ ಒಂದು ಮೊಳ ಹೊಲಿದೆ. ಅತ್ತೆಯವರಿಗೆ ತೋರಿಸೋಣವೆಂದು ಎತ್ತಿದರೆ ಕೌದಿಯ ಜೊತೆ ನನ್ನ ಲುಂಗಿಯೂ ಎದ್ದು ಬಂತು. ಎರಡನ್ನೂ ಬಹಳ ಗಟ್ಟಿಯಾಗಿ ಹೊಲಿದಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಟೇಲರ್ ಮಲೀಕಸಾಬ, ನಾನು ಕೇಳಿದ್ದ ತುಂಡು ಬಟ್ಟೆಯ ಗಂಟು ಹೊತ್ತುಕೊಂಡು ಒಳಗೆ ಬರಬೇಕೆ.

“ಸಾವ್ಕಾರ, ಈ ಫ್ಯಾಶನ್ ನಮಗ ಹೊಳದಿದ್ದಿಲ್ಲ ನೋಡ್ರಿ,” ಎಂದ. “ಬಟ್ಟಿಗೆ ಗಿರಾಕಿನ್ನ ಹೊಲದು ಬಿಟ್ರ ಅಂವ ಬ್ಯಾರೆ ಅಂಗಡಿಗಿ ಹೋಗಂಗೇ ಇಲ್ಲ.”

ಶೈಲಜಾ ಬಂದು ಕತ್ತರಿಸಿ ಬಿಡಿಸುವವರೆಗೆ ಮೂವರೂ ರಾಜಕೀಯ ಮಾತಾಡುತ್ತಾ ಕೂತಿದ್ದೆವು. ಅಂಗಡಿಯಲ್ಲಿ ಏನಾಯಿತು ಎಂದು ಕೇಳಲು ಮರೆತೆ. ನಾಳೆ ಕೇಳಬೇಕು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ. ಊಟದ ಮೇಲೆ ಒಂದು ಮಹತ್ವದ ವಿಚಾರ ಹೊಳೆಯಿತು.

ಜನ ತಲೆತಲಾಂತರದಿಂದ ಚೌಕ ಚೌಕವಾಗಿ ಕೌದಿ ಹೊಲಿಯುತ್ತಾ ಬಂದಿದ್ದಾರೆ. ಚೌಕ ಯಾರು ಬೇಕಾದರೂ ಹೊಲಿಯುತ್ತಾರೆ. ನನ್ನ ಕೌದಿಯ ಮೇಲೆ ರಸ್ತೆ ಬರಬೇಕು. ಬಲಗಡೆ ಕೆಳಗಿನ ಮೂಲೆಯಲ್ಲಿ ಸಿಂಧನೂರು, ಸುತ್ತ ಹಸಿರು ತುಂಡುಗಳ ಭತ್ತದ ಗದ್ದೆ, ನಡುವೆ ನೀಲಿ ಅಂಚಿನ ಕಾಲುವೆ. ಅಲ್ಲಿಂದ ಮಲೀಕಸಾಬನ ಪ್ಯಾಂಟಿನ ತುಂಡಿನ ಕರಿ ಡಾಂಬರು ರಸ್ತೆ. ದಾರಿಯಲ್ಲಿ ಮಸ್ಕಿ ಗುಡ್ಡ. ಆಮೇಲೆ ಲಿಂಗಸುಗೂರು. ಎಡಗಡೆ ಮೇಲಿನ ಮೂಲೆಯಲ್ಲಿ ಮುದಗಲ್, ಕೋಟೆ ಸಮೇತ. ಅತ್ತೆಯವರು ಅಳಿಯನ ಮನೆಯಿಂದ ತಮ್ಮ ಮನೆಗೆ ಹೋಗುವ ದಾರಿಯನ್ನೇ ಹೊದ್ದು ಮಲಗಬೇಕು. ಇದನ್ನು ಈವರೆಗೆ ಯಾರೂ ಮಾಡಿಲ್ಲ. ವಿಚಾರ ಹೊಳೆದ ಕೂಡಲೇ ಕಾಲಿನ ನೋವು ನಿಂತಿತು, ಅಥವಾ ನಾನು ಕಾಲನ್ನು ಮರೆತೆ.

ಅತ್ತೆಯವರು ಕೇಳಿ, ಕೌದಿ ಹೊದಿಯಬೇಕೋ ಇದಕ್ಕೆ ಟಿಕೀಟು ತಗೋಬೇಕೋ ಎಂದರು. ಆದರೆ ಸ್ವಲ್ಪ ಹೊತ್ತಿನ ಮೇಲೆ, ತಾವಾಗಿಯೇ, ತಮ್ಮ ಓಣಿ ಕೋಟೆಯ ಯಾವ ಮಗ್ಗುಲಿಗಿದೆ ಎಂದು ಬೆರಳಿನಿಂದ ನನ್ನ ಪ್ಲಾಸ್ಟರಿನ ಮೇಲೆ ಗೆರೆ ಎಳೆದು ತೋರಿಸಿದರು.

ಜನವರಿ 20, ಸೋಮವಾರ

ಕರಿಬಸಯ್ಯ ನೋಡಲು ಬಂದಿದ್ದ. ನಾವಿಬ್ಬರೂ ದಿನಾ ಸಂಜೆ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುವವರು. ಅವನ ಬಾಯಿಗೆ ಬಿದ್ದ ಸುದ್ದಿ ರಾತ್ರಿಯೊಳಗೆ ಹೊಳೆದಂಡೆಯ ಮುಕ್ಕುಂದ ಮುಟ್ಟುತ್ತದೆ. ಅವನ ದನಿ ಬಾಗಿಲಲ್ಲಿ ಕೇಳಿದ್ದೇ ತಡ, ಕೌದಿಯನ್ನು ಹುಲಿ ಬ್ಲಾಂಕೆಟ್ಟಿನ ಕೆಳಗೆ ತುರುಕಿ, ಅದರ ಮೇಲೆ ರೋಗಿಯ ಹಾಗೆ ಒರಗಿದೆ. ಸೂಜಿ ಎಲ್ಲಿದೆ ಎಂಬುದು ಒರಗಿದ ಮೇಲೆ ಗೊತ್ತಾಯಿತು.

ಅವನು ಇದ್ದಷ್ಟು ಹೊತ್ತೂ ನನ್ನ ಮುಖ ನೋಡಿ, ಪಾಪ ಕಾಲು ಬಹಳ ಬೇನೆ ಎಂದು ಮರುಗುತ್ತಿದ್ದ. ಕಾಲಲ್ಲವೆಂದು ಹೇಳುವಂತಿರಲಿಲ್ಲ.

ಜನವರಿ 22, ಬುಧವಾರ

ಮಸ್ಕಿ ಗುಡ್ಡ ಸರಿಬರುತ್ತಿಲ್ಲ. ಸಮೋಸದ ಹಾಗೆ ಕಾಣುತ್ತದೆ. ಬಿಚ್ಚಿದೆ.

ಜನವರಿ 23, ಗುರುವಾರ

ಮತ್ತೆ ಸಮೋಸ. ಬಿಚ್ಚಿದೆ. ಅತ್ತೆಯವರು ಒಂದು ಚೂರು ಗೋಣಿತಾಟಿನ ಬಣ್ಣದ ಬಟ್ಟೆ, ಒಂದು ಚೂರು ಬೂದಿ ಬಣ್ಣದ್ದು, ಎರಡನ್ನೂ ನನ್ನ ತೊಡೆಯ ಮೇಲೆ ಹಾಕಿ ಹೋದರು.

ಜನವರಿ 28, ಮಂಗಳವಾರ

ಗುಡ್ಡ ನಿಂತಿತು! ಒಂದೇ ತುಂಡಿನ ಗುಡ್ಡ ಮಾಡಹೋಗಿದ್ದೇ ತಪ್ಪು. ಮಸ್ಕಿಯದು ಒಂದರ ಮೇಲೊಂದು ಬಂಡೆ. ಅಂಥದ್ದೇ ಸಣ್ಣ ಸಣ್ಣ ತುಂಡು ಏರಿಸುತ್ತಾ ಹೋದೆ, ಕೆಳಗೆ ಬೂದಿ, ಮೇಲೆ ಕಂದು. ಸಂಜೆಯ ಬಿಸಿಲು ಕಿಟಕಿಯಿಂದ ಅದರ ಮೇಲೆ ಬಿದ್ದಾಗ, ನಿಜವಾದ ಗುಡ್ಡಕ್ಕೆ ಇಷ್ಟು ಚೊಕ್ಕ ಅಂಚಿಲ್ಲ ಅನಿಸಿತು. ಸುಮ್ಮನೆ ನೋಡುತ್ತಾ ಕೂತಿದ್ದೆ. ಅಂಗೈ ಆಡಿಸಿದೆ. ಬೆಳಿಗ್ಗೆ ಇಲ್ಲದೆ ಇದ್ದದ್ದು ಈಗ ಇದೆ, ಅದೂ ನನ್ನ ಕೈಯಿಂದ. ಅಂಗಡಿಯಲ್ಲಿ ಇಷ್ಟು ವರ್ಷ ಕಂಪನಿಯವರು ಕೊಟ್ಟ ಚೀಲ ರೈತರಿಗೆ ಕೊಟ್ಟಿದ್ದೇನೆ. ಚೀಲ ಆ ಕಡೆಯಿಂದ ಬಂತು, ಈ ಕಡೆ ಹೋಯಿತು.

ಇರಲಿ. ಇದು ಜ್ವರದ ಮಾತು ಇರಬೇಕು.

ಶೈಲಜಾ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: ಇವತ್ತು ಯೂರಿಯಾ ಲಾರಿ ಬಂತು, ನಿಮ್ಮನ್ನು ಕೇಳೋಣವೆಂದು ಫೋನು ಮಾಡಿ ಮಾಡಿ ಸಾಕಾಯಿತು, ಕಡೆಗೆ ತಾನೇ ಇಳಿಸಿಕೊಂಡು ಹಂಚಿದ್ದಾಯಿತು. ಫೋನು ಬಡಿದುಕೊಂಡದ್ದು ನನಗೂ ಕೇಳಿತ್ತು. ಬಾಯಲ್ಲಿ ಸೂಜಿ ಇತ್ತು. ಬಾಯಲ್ಲಿ ಸೂಜಿ ಇದ್ದಾಗ ಲಾರಿಯ ಮಾತು ಆಡುವುದು ಅಪಾಯ.

ಫೆಬ್ರುವರಿ 2, ಭಾನುವಾರ

ಕರಿಬಸಯ್ಯ ಮತ್ತೆ ಬಂದಿದ್ದ. ಲಿಂಗಸುಗೂರಿನ ಬಸ್ ಸ್ಟ್ಯಾಂಡಿಗೆ ಕೆಂಪು ಸರಿಯೋ ಕುಂಕುಮದ ಬಣ್ಣ ಸರಿಯೋ ಎಂದು ಬಹಳ ಹೊತ್ತಿನಿಂದ ತೀರ್ಮಾನವಾಗಿರಲಿಲ್ಲ. ಅವನಿಗೆ ಎರಡೂ ಹಿಡಿದು ತೋರಿಸಿದೆ. ಅವನು ಬಾಯಿ ತೆರೆದುಕೊಂಡು ನಿಂತ.

“ಲೇ ಸಿದ್ದಲಿಂಗ, ಕಾಲು ಮುರಕೊಂಡಿ ಅಂತ ಗೊತ್ತಿತ್ತು,” ಎಂದ. “ತಲೀಗಿ ಪೆಟ್ಟು ಬಿದ್ದೈತಿ ಅಂತ ಯಾರೂ ಹೇಳಲಿಲ್ಲಲ್ಲೋ.”

ಬಸ್ ಸ್ಟ್ಯಾಂಡಿನ ವಿಷಯ ಮೊದಲು ಹೇಳು ಎಂದೆ. ಕುಂಕುಮದ ಬಣ್ಣ ಎಂದ. ಚಹಾ ಎರಡು ಸಲ ಕುಡಿದ. ಹೋಗುವಾಗ ಕಾಲುವೆಯಿಂದ ಅವನ ಹೊಲಕ್ಕೆ ಹೋಗುವ ಉಪಕಾಲುವೆ ಬಿಟ್ಟುಹೋಗಿದೆ, ಅದನ್ನೂ ಎಳೆಯಬೇಕು ಎಂದು ಜಗಳ ತೆಗೆದ. ನೀರು ಬಿಡುವ ಅಧಿಕಾರ ನನ್ನ ಕೈಯಲ್ಲಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಎಳೆದುಕೊಟ್ಟೆ.

ಫೆಬ್ರುವರಿ 7, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ಯಾರದೋ ಬೇರೆಯವರದ್ದು, ಬಹಳ ತೆಳ್ಳಗಿನವರದ್ದು. ಕೋಲು ಹಿಡಿದು ನಡೆಯಬಹುದು, ನಾಳೆಯಿಂದಲೇ ಅಂಗಡಿಯಲ್ಲಿ ಕೂರಬಹುದು ಎಂದರು ಡಾಕ್ಟರು. ಅವರಿಗೆ ಕಾಲು ಗೊತ್ತು, ಆದರೆ ಮುದಗಲ್ ಬಾಕಿ ಇದೆ ಎಂಬುದು ಗೊತ್ತಿಲ್ಲ. ಇನ್ನೂ ಎರಡು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವುದೇ ಕ್ಷೇಮ ಎಂದು ಶೈಲಜಾಗೆ ತಿಳಿಸಿದೆ. ಅವಳು ಎದುರು ಮಾತಾಡಲಿಲ್ಲ. ಅದು ಸ್ವಲ್ಪ ಬೇಸರ ತಂದಿತು.

ಅತ್ತೆಯವರು ಸೋಮವಾರ ಹೊರಡುತ್ತಾರೆ. ತಂಗಿಯ ಮೊಮ್ಮಗಳ ಮದುವೆಯ ನಿಶ್ಚಯವಿದೆ, ತಡೆಯುವಂತಿಲ್ಲ.

ಫೆಬ್ರುವರಿ 8, ಶನಿವಾರ

ಕೋಟೆ ಕಟ್ಟಿ ಮುಗಿಯಿತು! ತೆನೆ ತೆನೆಯಾದ ಗೋಡೆ, ಬುರುಜು, ಒಂದು ಬಾಗಿಲು. ಕೊನೆಯ ಮೂಲೆಯ ಬಾಯಿ ಮುಚ್ಚುವ ಮೊದಲು ಅತ್ತೆಯವರು ತಡೆದರು. ಕೌದಿ ಹಸಿದಿರಬಾರದಂತೆ. ಕೌದಿ ಹಸಿದಿದ್ದರೆ ಹೊದ್ದವರ ನಿದ್ದೆಯನ್ನು ತಿನ್ನುತ್ತದಂತೆ. ಅದಕ್ಕೆ ಮುಚ್ಚುವ ಮೊದಲು ಒಳಗೆ ಒಂದು ತುಣುಕು ತಿನ್ನುವ ಪದಾರ್ಥ ಇಟ್ಟು ಹೊಲಿಯುವುದು ಅವರ ಅವ್ವನ ಕಾಲದಿಂದಲೂ ಬಂದ ಪದ್ಧತಿ. ಇಷ್ಟು ಹೇಳಿ ಸ್ನಾನಕ್ಕೆ ಹೋದರು.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಬುಟ್ಟಿಯಲ್ಲಿ ಒಣ ಜೋಳದ ರೊಟ್ಟಿ ಇತ್ತು. ಪಕ್ಕದಲ್ಲಿ, ಪ್ಲಾಸ್ಟರ್ ಬಿಚ್ಚಿದ ಸಂತೋಷಕ್ಕೆ ಶೈಲಜಾ ಮಾಡಿದ ಹೋಳಿಗೆ ಇತ್ತು. ಅತ್ತೆಯವರ ಕೌದಿಗೆ ಒಣ ರೊಟ್ಟಿಯೇ? ಅದೂ ಇಂಥ ಕೌದಿಗೆ? ಒಳ್ಳೆಯ ಹೂರಣದ ಹೋಳಿಗೆಯ ಅರ್ಧ ಹರಿದು, ತುಪ್ಪ ಸವರಿ, ಕೋಟೆಯೊಳಗೆ ಇಟ್ಟು, ಬಾಯಿ ಬಿಗಿಯಾಗಿ ಹೊಲಿದೆ. ಜಿಪುಣತನ ನಮ್ಮ ಮನೆತನದಲ್ಲಿಲ್ಲ.

ಸಂಜೆ ಪರೀಕ್ಷೆ. ಅತ್ತೆಯವರು ಕೌದಿಯನ್ನು ಬೋರಲು ಹಾಕಿಸಿ, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ಬೆನ್ನಿನ ಮೇಲೆ ಅಂಗೈ ಆಡಿಸಿದರು. ಮೆಟ್ರಿಕ್ ಫಲಿತಾಂಶದ ದಿನವೂ ನನಗೆ ಇಂಥ ಎದೆಬಡಿತ ಇರಲಿಲ್ಲ. ಆ ಫಲಿತಾಂಶ ಮೊದಲೇ ಗೊತ್ತಿತ್ತು. ಬೆರಳು ಗದ್ದೆ ದಾಟಿತು, ಗುಡ್ಡ ಹತ್ತಿತು, ಲಿಂಗಸುಗೂರಿನಲ್ಲಿ ಸ್ವಲ್ಪ ನಿಂತು ಮುಂದೆ ಹೋಯಿತು.

“ಮೊದಲ ಸಾಲು ಕುಡುದು ಹೊಲದಂಗ ಐತಿ,” ಎಂದರು. “ಗುಡ್ಡದಿಂದ ಮುಂದಕ ಕೈ ಕುಂತೈತಿ. ಇರ್ಲಿ. ಹೊದ್ಕೊಂತೀನಿ.”

ಹೊದ್ದುಕೊಂಡರು! ತಲೆಯವರೆಗೂ ಎಳೆದುಕೊಂಡರು. ಈ ಅಕ್ಷರ ಬರೆಯುವಾಗ ಅವರ ಗೊರಕೆ ಕೇಳುತ್ತಿದೆ. ಇಷ್ಟು ಇಂಪಾದ ಗೊರಕೆ ಕೇಳಿರಲಿಲ್ಲ.

ಫೆಬ್ರುವರಿ 9, ಭಾನುವಾರ

ಮುದಗಲ್ ಕೋಟೆಗೆ ಮುತ್ತಿಗೆ ಹೊಸದಲ್ಲ. ವಿಜಯನಗರದವರು ಹಾಕಿದ್ದಾರೆ, ಬಹಮನಿಯವರು ಹಾಕಿದ್ದಾರೆ. ನಿನ್ನೆ ರಾತ್ರಿ ಇರುವೆಗಳು ಹಾಕಿದವು.

ಬೆಳಗಿನ ಜಾವ ಅತ್ತೆಯವರು ಎದ್ದು ಕೂತು ಕುತ್ತಿಗೆ ಕೆರೆದುಕೊಳ್ಳುತ್ತಿದ್ದರು. ಬಾಗಿಲ ಸಂದಿನಿಂದ ಹೊರಟ ಕೆಂಪಿರುವೆ ಸಾಲು ಮಂಚದ ಕಾಲು ಹತ್ತಿ, ಭತ್ತದ ಗದ್ದೆಯನ್ನು ಕಣ್ಣೆತ್ತಿಯೂ ನೋಡದೆ, ಡಾಂಬರು ರಸ್ತೆ ಹಿಡಿದು ನೇರ ಮುದಗಲ್ಲಿಗೆ ಹೋಗಿತ್ತು. ದಾರಿ ಅಷ್ಟು ಸ್ಪಷ್ಟವಾಗಿ ಹೊಲಿದಿದ್ದೆ. ತುಪ್ಪ ಇಳಿದು ಬುರುಜಿನಲ್ಲಿ ದೊಡ್ಡ ಕಲೆ. ಒಳಗೆ ಏನಿಟ್ಟಿರಿ ಎಂದು ಅತ್ತೆಯವರು ಕೇಳಿದರು. ಹೇಳಿದೆ.

“ಕೌದಿ ಹಸದಿರಬಾರದು ಅಂದಿದ್ನಿ, ಅಳಿಯಾರ. ಉಂಡು ತೇಗಬೇಕು ಅಂದಿದ್ದಿಲ್ಲ.”

ಒಣ ರೊಟ್ಟಿಯ ಚೂರು ಇಡಬೇಕು ಎಂಬುದು ಹೆಣ್ಣು ಮಕ್ಕಳಿಗೆ ಹೇಳದೆಯೇ ಗೊತ್ತಿರುತ್ತದಂತೆ. ಇಂಥ ಮುಖ್ಯವಾದ ವಿಷಯಗಳನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಕೋಟೆ ಕಿತ್ತೆ. ಮೂಲೆಯ ಮೇಲಿನ ಪದರಗಳನ್ನೂ ಬಿಚ್ಚಿ ತೆಗೆಯಬೇಕಾಯಿತು. ಉಳಿದದ್ದನ್ನು ಶೈಲಜಾ ಬಿಸಿನೀರಿನಲ್ಲಿ ಒಗೆದು ಮಾಳಿಗೆಯ ಮೇಲೆ ಒಣಹಾಕಿದಳು. ನಾಳೆ ಬೆಳಗಿನ ಬಸ್ಸಿನ ಹೊತ್ತಿಗೆ ಮತ್ತೆ ಕೋಟೆ ಕಟ್ಟುವುದು ಸಾಧ್ಯವಿಲ್ಲ. ಕೌದಿ ಇಲ್ಲೇ ಇರಲಿ, ಮುಗಿಸಿ ನಾನೇ ತಂದು ಕೊಡುತ್ತೇನೆ ಎಂದೆ. ಇವತ್ತು ಅವರು ಮತ್ತೆ ಸೆರಗು ಸುತ್ತಿಕೊಂಡು ಮಲಗಿದ್ದಾರೆ. ಬರೆಯಲು ಮನಸ್ಸಿಲ್ಲ.

ಫೆಬ್ರುವರಿ 10, ಸೋಮವಾರ

ಬೆಳಿಗ್ಗೆ ಅತ್ತೆಯವರ ಚೀಲದ ಬಾಯಿಂದ ಹಸಿರು ಗದ್ದೆ ಇಣುಕುತ್ತಿತ್ತು. ಮಾಳಿಗೆಯಿಂದ ತಾವೇ ತಂದು ಮಡಿಸಿಟ್ಟುಕೊಂಡಿದ್ದರು. ಮೂಲೆ ಇಲ್ಲದ ಕೌದಿ, ಅಪೂರ್ಣ ಕೃತಿ, ಇದನ್ನು ಹೊರಗೆ ಬಿಡಲಾರೆ ಎಂದು ನಾನು ವಾದಿಸಿದೆ.

“ನಮ್ಮೂರು ನಾನ ಹೊಲ್ಕೊಂತೀನಿ,” ಎಂದರು. “ಕೋಟಿ ಬಾಗಲಾ ನೀವು ಉಲ್ಟಾ ಹಚ್ಚಿದ್ರಿ. ಸೂಜಿ ಅಷ್ಟು ಪೋಣಿಸಿ ಕೊಡ್ರಿ.”

ಒಂದಲ್ಲ, ಮನೆಯಲ್ಲಿದ್ದ ಸೂಜಿಗಳಿಗೆಲ್ಲ ನನ್ನಿಂದ ಉದ್ದುದ್ದ ದಾರ ಪೋಣಿಸಿಕೊಂಡರು. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿ, ಮುದಗಲ್ ಇರಬೇಕಾದ ಜಾಗದಲ್ಲಿ ಸಾಲಾಗಿ ಚುಚ್ಚಿಕೊಂಡರು. ನನ್ನ ಕೆಲಸವನ್ನು ಇನ್ನೊಬ್ಬರು ಮುಗಿಸುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಿರಿಯರು ಎಂದು ಸುಮ್ಮನಾದೆ. ಶೈಲಜಾ ಯಾಕೋ ಅಡುಗೆಮನೆಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಈರುಳ್ಳಿ ಇರಬೇಕು.

ಬಸ್ ಸ್ಟ್ಯಾಂಡಿನವರೆಗೆ ಕೋಲೂರಿಕೊಂಡು ಹೋದೆ. ಬಸ್ಸು ಹೊರಡುವ ಮೊದಲೇ ಅತ್ತೆಯವರು ಕಿಟಕಿಯ ಗಾಳಿ ಎಂದು ಕೌದಿ ತೆಗೆದು ಹೆಗಲಿಗೆ ಹೊದ್ದುಕೊಂಡರು. ಪಕ್ಕದ ಹೆಣ್ಣುಮಗಳು ಅಂಚು ಹಿಡಿದು, ಯಾರು ಹೊಲಿದದ್ದು ಎಂದು ಕೇಳಿದಳು. ಅತ್ತೆಯವರು ನನ್ನ ಕಡೆ ಬೆರಳು ತೋರಿಸಿದರು. ಆಕೆ ನಂಬಲಿಲ್ಲ. ನಾನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ನೇರವಾಗಿ ನಿಂತೆ.

ಫೆಬ್ರುವರಿ 11, ಮಂಗಳವಾರ

ಅಂಗಡಿಗೆ ಹೋದೆ. ಗಲ್ಲಾದ ಕುರ್ಚಿಯಲ್ಲಿ ಶೈಲಜಾ ಇದ್ದಳು, ಏಳಲಿಲ್ಲ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ತಾತ್ಕಾಲಿಕ ವ್ಯವಸ್ಥೆ. ಸ್ಟೂಲಿನ ಬಳಿ ಬೆಳಕು ಚೆನ್ನಾಗಿದೆ.

ಫೆಬ್ರುವರಿ 20, ಗುರುವಾರ

ಗಿರಾಕಿ ಕಿಕ್ಕಿರಿದಿದ್ದ ಹೊತ್ತಿನಲ್ಲಿ ಮುದಗಲ್ಲಿನಿಂದ ಫೋನು. ಮೂಲೆ ಮುಗಿಯಿತಂತೆ. ನಾಲ್ಕು ಸಾಲು ಅಡ್ಡಾದಿಡ್ಡಿ ಹೋದವಂತೆ, ಆಮೇಲೆ ಬೆರಳಿಗೆ ದಾರಿ ಸಿಕ್ಕಿತಂತೆ. ಓಣಿಯ ಹೆಂಗಸರು ಬಂದು ನೋಡಿ ಹೋದರಂತೆ. ಅತ್ತೆಯವರು ಮತ್ತೆ ಸೂಜಿ ಹಿಡಿದಿದ್ದಾರೆ ಎಂದು ಒಬ್ಬಾಕೆ ಆಗಲೇ ಹಳೆಯ ಸೀರೆಗಳನ್ನು ತಂದಿಟ್ಟಿದ್ದಾಳಂತೆ.

“ಬಟ್ಟಿ ಹಾಸೀನಿ, ಅಳಿಯಾರ,” ಎಂದರು. “ನೀವು ಪೋಣಿಸಿದ ದಾರ ಮುಗದಾವ. ಐತವಾರ ಬರ್ರಿ.”

ಮೇಲುಗೊಬ್ಬರದ ಹೊತ್ತು, ಅಂಗಡಿ ಬಿಟ್ಟು ಬರುವುದು ಸಾಧ್ಯವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಬೆಳಗಿನ ಮೊದಲ ಬಸ್ಸಿಗೆ ಬಂದರೆ ಊಟದ ಹೊತ್ತಿಗೆ ಒಂದು ಅಂಚು ಮುಗಿಯುತ್ತದೆ ಎಂದರು ಅವರು.

ನನ್ನ ಕೈಯ ವೇಗ ಈಗ ಎಷ್ಟಾಗಿದೆ ಎಂಬುದು ಅವರಿಗೆ ಗೊತ್ತಿಲ್ಲ. ಎರಡು ಮುಗಿಯುತ್ತವೆ.